ಮುಟ್ಟು ನಿಲ್ಲುವ ವಯಸ್ಸು: ಮನೆಯಾಕೆಯ ಪಾಲಿನ ಹಾಲು ಎಲ್ಲಿ?

ಹೆಚ್ಚು ಹಾಲು ಕೊಡುವ ಮಿಶ್ರತಳಿ ಹಸು ಕರು ಹಾಕಿದ ಮಾರನೆಯ ದಿನ ಕಾಲು ಮಡಿಸಿ ಮಲಗಿ, ಕತ್ತನ್ನು ಪಕ್ಕೆಗೆ ತಿರುಗಿಸಿಕೊಂಡು ಏಳದೆ ಹೋದರೆ ನೀವು ಏನು ಮಾಡುತ್ತೀರಿ? ಕಿವಿ ಮುಟ್ಟಿ ನೋಡುತ್ತೀರಿ. ತಣ್ಣಗಿದ್ದರೆ ಇದು ಹಾಲುಜ್ವರವೆಂದು ನಿಮಗೆ ಗೊತ್ತು. ರಾತ್ರಿ ಹನ್ನೊಂದಾದರೂ ಸರಿ, ಪಶುವೈದ್ಯರನ್ನು ಕರೆತರುತ್ತೀರಿ. ಅವರು ರಕ್ತನಾಳಕ್ಕೆ ನಿಧಾನವಾಗಿ ಕ್ಯಾಲ್ಸಿಯಂ ಬಾಟಲಿ ಹಾಕುತ್ತಾರೆ. ಸ್ವಲ್ಪ ಹೊತ್ತಿನಲ್ಲಿ ಹಸು ಎದ್ದು ನಿಲ್ಲುತ್ತದೆ. ಅಂದಿನಿಂದ ಹಿಂಡಿಯ ಜೊತೆ ಖನಿಜ ಮಿಶ್ರಣ ಹಾಕುವುದನ್ನು ನೀವು ಒಂದು ದಿನವೂ ಮರೆಯುವುದಿಲ್ಲ.

ಮನುಷ್ಯರನ್ನು ದನಕ್ಕೆ ಹೋಲಿಸಿದರೆಂದು ತಾಯಂದಿರು ಮುನಿಯಬಾರದು. ಹೋಲಿಕೆ ಬೇಕೆಂದೇ ಮಾಡಿದ್ದು. ಆ ಹಸುವಿಗೆ ನಸುಕಿನಲ್ಲಿ ಹುಲ್ಲು ಹಾಕಿ, ಸಗಣಿ ಬಾಚಿ, ಹಾಲು ಕರೆದು ಡೇರಿಗೆ ಕಳಿಸುವ ಮನೆಯಾಕೆಗೂ ಒಂದು ವಯಸ್ಸಿನಲ್ಲಿ ಮೂಳೆಯೊಳಗಿನ ಸುಣ್ಣದ ಅಂಶ ಬೇಗಬೇಗ ಕರಗತೊಡಗುತ್ತದೆ. ಆಕೆ ಹಸುವಿನ ಹಾಗೆ ಒಂದೇ ದಿನದಲ್ಲಿ ಕುಸಿದು ಬೀಳುವುದಿಲ್ಲ. ಹತ್ತು ಹದಿನೈದು ವರ್ಷಗಳ ಮೇಲೆ ಬಚ್ಚಲಲ್ಲಿ ಜಾರಿ ಕೈ ಊರಿದಾಗ ಮಣಿಕಟ್ಟು ಮುರಿಯುತ್ತದೆ, ಇಲ್ಲವೇ ಸೊಂಟದ ಮೂಳೆ ಮುರಿದು ಹಾಸಿಗೆ ಹಿಡಿಯುತ್ತಾಳೆ. ಆಗ ನಾವು 'ವಯಸ್ಸಾಯಿತು' ಎನ್ನುತ್ತೇವೆ.

ಈ ಪುಟವನ್ನು ಮೊದಲು ಕೈಗೆತ್ತಿಕೊಳ್ಳುವವರು ಬಹುಪಾಲು ಗಂಡಸರು. ಮುಟ್ಟಿನ ವಿಷಯ ಕೃಷಿ ಪುಟದಲ್ಲೇಕೆ ಎಂದು ಅವರು ಮುಂದಿನ ಅಂಕಣಕ್ಕೆ ಹಾರಬಾರದು. ಹೊಲದ ಕಳೆ, ನಾಟಿ, ಕೊಯ್ಲು, ಕೊಟ್ಟಿಗೆ ಎಲ್ಲವೂ ಯಾರ ಬೆನ್ನಿನ ಮೇಲೆ ನಡೆಯುತ್ತಿದೆಯೋ ಅವರ ಬೆನ್ನುಮೂಳೆಯ ಮಾತಿದು. ಓದು ಬಾರದ ತಾಯಂದಿರಿಗೆ ಮಗಳೋ ಸೊಸೆಯೋ ಓದಿ ಹೇಳಲಿ.

ದೇಹದಲ್ಲಿ ಆಗುವುದೇನು?

ನಮ್ಮ ದೇಶದ ಹೆಂಗಸರಲ್ಲಿ ಮುಟ್ಟು ನಿಲ್ಲುವುದು ಸರಾಸರಿ 46–47ರ ವಯಸ್ಸಿನಲ್ಲಿ. ಒಬ್ಬರಿಗೆ 42ಕ್ಕೇ ನಿಲ್ಲಬಹುದು, ಇನ್ನೊಬ್ಬರಿಗೆ 52ರವರೆಗೂ ಮುಂದುವರಿಯಬಹುದು. ನಲವತ್ತು ತುಂಬುವ ಮೊದಲೇ ನಿಂತರೆ ಮಾತ್ರ ವೈದ್ಯರಿಗೆ ತೋರಿಸಲೇಬೇಕು. ಒಂದೇ ತಿಂಗಳಿಗೆ ನಿಂತುಹೋಗುವುದು ಅಪರೂಪ. ಎರಡು ಮೂರು ವರ್ಷ ಏರುಪೇರಾಗುತ್ತದೆ. ಒಮ್ಮೆ ಇಪ್ಪತ್ತೇ ದಿನಕ್ಕೆ, ಒಮ್ಮೆ ಮೂರು ತಿಂಗಳಿಗೆ. ಕೊನೆಯ ಮುಟ್ಟಿನಿಂದ ಪೂರ್ತಿ ಹನ್ನೆರಡು ತಿಂಗಳು ಕಾಣದಿದ್ದರೆ ನಿಂತಿತು ಎಂದು ಲೆಕ್ಕ. ಆ ಲೆಕ್ಕ ಮುಗಿಯುವವರೆಗೆ ಬಸಿರು ನಿಲ್ಲುವ ಸಾಧ್ಯತೆ ಇದ್ದೇ ಇರುತ್ತದೆ. ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳದವರು ಇದನ್ನು ನೆನಪಿಡಬೇಕು.

ಅಂಡಾಶಯಗಳು ಈಸ್ಟ್ರೊಜೆನ್ ಎಂಬ ರಸವನ್ನು ಸುರಿಸುವುದನ್ನು ಕಡಿಮೆ ಮಾಡುವುದೇ ಇದಕ್ಕೆಲ್ಲ ಮೂಲ. ಈ ರಸ ಬರೀ ಮುಟ್ಟಿಗೆ ಸಂಬಂಧಿಸಿದ್ದಲ್ಲ. ಮೂಳೆಯಲ್ಲಿ ಹಳೆಯದು ಕರಗಿ ಹೊಸದು ಕಟ್ಟುವ ಕೆಲಸ ದಿನವೂ ನಡೆದೇ ಇರುತ್ತದೆ. ಕರಗುವುದು ಕಟ್ಟುವುದನ್ನು ಮೀರದಂತೆ ಕಾಯುವುದು ಈ ರಸ. ಅದು ಇಳಿದ ಮೇಲಿನ ಐದಾರು ವರ್ಷಗಳಲ್ಲಿ ಮೂಳೆ ಸವೆಯುವ ವೇಗ ಅತಿ ಹೆಚ್ಚು. ಬದು ಒಡೆದ ಹೊಲದಲ್ಲಿ ಮೊದಲ ಮಳೆಗಳಿಗೇ ಮೇಲ್ಮಣ್ಣು ಕೊಚ್ಚಿಹೋಗುವಂತೆ. ಆದುದರಿಂದ ಬದು ಹಾಕುವ ಕೆಲಸ ಆ ವರ್ಷಗಳಿಗೆ ಮೊದಲೇ, ನಲವತ್ತು ದಾಟುತ್ತಿದ್ದಂತೆಯೇ ಆಗಬೇಕು.

ತಟ್ಟೆಯ ಲೆಕ್ಕ

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಪ್ರಕಟಿಸಿದ ಪಟ್ಟಿಯ ಪ್ರಕಾರ ವಯಸ್ಕ ಹೆಂಗಸಿಗೆ ದಿನಕ್ಕೆ 1000 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. ಮುಟ್ಟು ನಿಂತ ಮೇಲೆ 1200 ಮಿಲಿಗ್ರಾಂ. ಪೇಟೆಯವರು ಇದಕ್ಕಾಗಿ ಡಬ್ಬಿಗಟ್ಟಲೆ ಪುಡಿ ಕೊಳ್ಳುತ್ತಾರೆ. ನಿಮ್ಮ ಹೊಲ, ಹಿತ್ತಿಲು, ಕೊಟ್ಟಿಗೆಗಳಲ್ಲೇ ಅದು ಸಿಗುತ್ತದೆಯೇ? ಲೆಕ್ಕ ಹಾಕೋಣ.

ನೂರು ಗ್ರಾಂ ರಾಗಿ ಹಿಟ್ಟಿನ ಒಂದು ಮುದ್ದೆಯಲ್ಲಿ ಸುಮಾರು 350 ಮಿಲಿಗ್ರಾಂ. ಕಾಲು ಲೀಟರ್ ಹಾಲು, ಇಲ್ಲವೇ ಅಷ್ಟು ಹಾಲಿನ ಮೊಸರು ತಿಂದರೆ 300. ಐವತ್ತು ಗ್ರಾಂ ನುಗ್ಗೆಸೊಪ್ಪು ಪಲ್ಯಕ್ಕೋ ಸಾರಿಗೋ ಬಿದ್ದರೆ 150. ಹತ್ತು ಗ್ರಾಂ, ಎಂದರೆ ಒಂದು ದೊಡ್ಡ ಚಮಚ, ಸಿಪ್ಪೆ ತೆಗೆಯದ ಎಳ್ಳಿನಲ್ಲಿ 120. ಒಂದು ಹಿಡಿ ಹುರುಳಿಯಲ್ಲಿ 80. ಇಲ್ಲಿಗೆ ಸಾವಿರ ಮುಟ್ಟಿತು. ರಾತ್ರಿಗೆ ಇನ್ನೊಂದು ಮುದ್ದೆ ಉಂಡರೆ 1200 ದಾಟುತ್ತದೆ. ಇದರಲ್ಲಿ ಅಂಗಡಿಯಿಂದ ತಂದ ವಸ್ತು ಯಾವುದೂ ಇಲ್ಲ.

ಆದರೆ ಈ ಲೆಕ್ಕ ಎಷ್ಟು ಮನೆಗಳಲ್ಲಿ ಕೂಡಿಬರುತ್ತದೆ? ಪಡಿತರದ ಅಕ್ಕಿ ಮನೆಗೆ ಬಂದ ಮೇಲೆ ರಾಗಿ ಬೆಳೆಯುವ ಊರುಗಳಲ್ಲೂ ಎರಡು ಹೊತ್ತು ಅನ್ನವಾಗಿದೆ. ಅಕ್ಕಿಯಲ್ಲಿ ಸುಣ್ಣದ ಅಂಶ ತೀರ ಅಲ್ಪ. ಇಂಡಾಫ್ ಆಗಲಿ, ಜಿ.ಪಿ.ಯು. 28 ಆಗಲಿ, ಚೆನ್ನಾಗಿ ಬೆಳೆದು ಮಾರಿ, ಮನೆಯಲ್ಲಿ ಅನ್ನ ಉಣ್ಣುವವರನ್ನು ನಾನೇ ಎಷ್ಟೋ ಕಂಡಿದ್ದೇನೆ. ಕರಿಬೇವು ಸುಣ್ಣದ ಅಂಶದಲ್ಲಿ ಯಾವ ಸೊಪ್ಪಿಗೂ ಕಡಿಮೆಯಿಲ್ಲ; ನಾವು ಅದನ್ನು ತಟ್ಟೆಯ ಅಂಚಿಗೆ ಎತ್ತಿಡುತ್ತೇವೆ. ಒಣಗಿಸಿ ಚಟ್ನಿಪುಡಿ ಮಾಡಿದರೆ ಎತ್ತಿಡಲು ಬಾರದು!

ಇನ್ನು ಹಾಲು. ಬೆಳಿಗ್ಗೆ ಕರೆದದ್ದೆಲ್ಲ ಕ್ಯಾನಿಗೆ ಹೋಗುತ್ತದೆ, ಸಂಜೆ ಕರೆದದ್ದೂ ಹೋಗುತ್ತದೆ. ಕಾಫಿಗೆಂದು ಉಳಿಸಿಕೊಂಡ ಒಂದು ಪಾವಿನಲ್ಲಿ ಮೊದಲು ಮಕ್ಕಳಿಗೆ, ಆಮೇಲೆ ಗಂಡಸರಿಗೆ, ಆಮೇಲೆ ಬಂದ ನೆಂಟರಿಗೆ. ಮನೆಯಾಕೆ ಕುಡಿಯುವುದು ಬಣ್ಣದ ನೀರು. ಕಾಲು ಲೀಟರ್ ಹಾಲಿಗೆ ಡೇರಿಯಲ್ಲಿ ಸಿಗುವುದು ಹತ್ತು ರೂಪಾಯಿಯ ಆಸುಪಾಸು. ಸೊಂಟದ ಮೂಳೆ ಮುರಿದರೆ ಶಸ್ತ್ರಚಿಕಿತ್ಸೆಗೆ ಎಷ್ಟಾಗುತ್ತದೆಂದು ಹತ್ತಿರದ ಆಸ್ಪತ್ರೆಯಲ್ಲಿ ವಿಚಾರಿಸಿ ನೋಡಿ. ಯಾವುದು ಲಾಭವೆಂದು ನೀವೇ ಹೇಳುವಿರಿ. ಕ್ಯಾನಿಗೆ ಸುರಿಯುವ ಮೊದಲೇ ಅವರ ಪಾಲನ್ನು ಬೇರೆ ಚೊಂಬಿಗೆ ತೆಗೆದಿಡುವುದು ಒಳ್ಳೆಯದು. ಉಳಿದರೆ ಕುಡಿಯೋಣವೆಂದರೆ ಉಳಿಯುವುದಿಲ್ಲ. ಹಾಲು ಒಗ್ಗದವರಿಗೆ ಮೊಸರು, ಮಜ್ಜಿಗೆ ಒಗ್ಗುತ್ತದೆ. ಆದರೆ ಮಜ್ಜಿಗೆಗೆ ನೀರು ಹೆಚ್ಚಿಸಿದಷ್ಟೂ ಅಂಶ ತೆಳುವಾಗುತ್ತದೆ.

ಉತ್ತರದ ಜಿಲ್ಲೆಗಳ ತಾಯಂದಿರಿಗೆ ಬೇರೆ ಮಾತು ಹೇಳಬೇಕು. ಜೋಳ ಬಲ ಕೊಡುವ ಧಾನ್ಯ ನಿಜ. ಆದರೆ ನೂರು ಗ್ರಾಂ ಜೋಳದಲ್ಲಿ ಸುಣ್ಣದ ಅಂಶ 25–30 ಮಿಲಿಗ್ರಾಂ ಮಾತ್ರ. ರೊಟ್ಟಿ ಎಷ್ಟು ತಿಂದರೂ ಈ ಕೊರತೆ ತುಂಬುವುದಿಲ್ಲ. ನಿಮ್ಮ ಹಿರಿಯರು ರೊಟ್ಟಿಯ ಪಕ್ಕಕ್ಕೆ ಗುರೆಳ್ಳು ಹಿಂಡಿ, ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಗಟ್ಟಿ ಮೊಸರು ಇಟ್ಟುಕೊಂಡದ್ದು ರುಚಿಗಷ್ಟೇ ಅಲ್ಲ. ಈಗ ರೊಟ್ಟಿ ಉಳಿದಿದೆ, ಹಿಂಡಿಯ ಜಾಗಕ್ಕೆ ಅಂಗಡಿಯ ಉಪ್ಪಿನಕಾಯಿ ಬಂದಿದೆ. ಕರಾವಳಿಯವರಿಗೆ ಮುಳ್ಳಿನ ಸಮೇತ ತಿನ್ನುವ ಸಣ್ಣ ಮೀನು ಇದ್ದೇ ಇದೆ. ಒಣಮೀನಾದರೆ ಉಪ್ಪಿನ ಮೇಲೆ ಗಮನವಿರಲಿ. ಮುಟ್ಟು ನಿಂತ ಮೇಲೆ ರಕ್ತದೊತ್ತಡವೂ ಏರುವ ಸಂಭವ ಹೆಚ್ಚು.

ಎಳ್ಳು, ಹುರುಳಿ ಉಷ್ಣ, ಈ ವಯಸ್ಸಿನಲ್ಲಿ ಮುಟ್ಟಬಾರದು ಎನ್ನುವವರಿದ್ದಾರೆ. ತಿಂದ ದಿನ ನಿಮ್ಮ ಮೈಗೆ ತೊಂದರೆ ಕಂಡರೆ ಕಡಿಮೆ ಮಾಡಿ, ಮಜ್ಜಿಗೆಯ ಜೊತೆ ತಿನ್ನಿ. ಯಾರೋ ಹೇಳಿದರೆಂದು ಪೂರ್ತಿ ಬಿಡಬೇಡಿ. ಪಾಲಕ್ ಸೊಪ್ಪಿನಲ್ಲಿರುವ ಒಂದು ಬಗೆಯ ಆಮ್ಲ ಸುಣ್ಣದ ಅಂಶವನ್ನು ಹಿಡಿದಿಟ್ಟುಕೊಳ್ಳುವುದರಿಂದ ಈ ಕೆಲಸಕ್ಕೆ ಅದಕ್ಕಿಂತ ನುಗ್ಗೆಸೊಪ್ಪೇ ಮೇಲು.

ರಾಗಿಯಲ್ಲೂ ಅಂಥ ಅಡ್ಡಿ ಸ್ವಲ್ಪ ಇದೆ. ಮೊಳಕೆ ಬರಿಸಿದರೆ ಅದು ಕಡಿಮೆಯಾಗುತ್ತದೆ. ರಾತ್ರಿ ನೆನೆಸಿ, ಬೆಳಿಗ್ಗೆ ನೀರು ಬಸಿದು, ಒದ್ದೆ ಬಟ್ಟೆಯಲ್ಲಿ ಕಟ್ಟಿ ಒಂದೆರಡು ದಿನ ಇಡಿ. ಬಿಳಿ ಮೊಳಕೆ ಇಣುಕಿದ ಮೇಲೆ ನೆರಳಲ್ಲಿ ಒಣಗಿಸಿ, ಹದವಾಗಿ ಹುರಿದು, ಮೊಳಕೆ ಉದುರುವಂತೆ ಉಜ್ಜಿ ಬೀಸಿಸಿ. ಕೂಸುಗಳಿಗೆ ಮಾಡುವ ರಾಗಿಸರಿಯೇ ಇದು. ಬೆಲ್ಲ, ಹಾಲು ಹಾಕಿ ಕಾಯಿಸಿ ಒಂದು ಲೋಟ ಬೆಳಿಗ್ಗೆ ಕುಡಿಯಿರಿ. ಸಕ್ಕರೆ ಕಾಯಿಲೆ ಇದ್ದವರು ಬೆಲ್ಲ ಬಿಟ್ಟು ಮಜ್ಜಿಗೆ, ಚಿಟಿಕೆ ಉಪ್ಪು ಹಾಕಿಕೊಳ್ಳಲಿ.

ಎಲೆಗೆ ಸುಣ್ಣ ಹಚ್ಚಿ ಹಾಕುತ್ತೇವೆ, ಅದೇ ಸಾಲದೇ ಎಂದು ಒಬ್ಬ ಅಜ್ಜಿ ನನ್ನನ್ನು ಕೇಳಿದ್ದರು. ಸುಣ್ಣದಲ್ಲಿ ಕ್ಯಾಲ್ಸಿಯಂ ಇರುವುದು ನಿಜ. ಆದರೆ ಜೊತೆಗೆ ಹೊಗೆಸೊಪ್ಪು ಹೋಗುತ್ತದೆ. ಹೊಗೆಸೊಪ್ಪು ಬಾಯಿ ಕ್ಯಾನ್ಸರಿಗೆ ದಾರಿ. ಅಡಿಕೆಯನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಕ್ಯಾನ್ಸರ್‌ಕಾರಕವೆಂದು ಸೇರಿಸಿದೆ. ಅಡಿಕೆ ಬೆಳೆಗಾರ ಓದುಗರಿಗೆ ಈ ಮಾತು ಹಿಡಿಸಲಿಕ್ಕಿಲ್ಲ. ಆದರೂ ಮೂಳೆಗೆಂದು ಯಾರೂ ಎಲೆಯಡಿಕೆ ಹಾಕಬಾರದು.

ಝಳ, ಬೆವರು, ನಿದ್ದೆಗೇಡು

ಕುಳಿತಿದ್ದಂತೆ ಎದೆಯಿಂದ ಕುತ್ತಿಗೆ, ಮುಖಕ್ಕೆ ಝಳ ಹೊಡೆದು, ರವಿಕೆ ನೆನೆಯುವಷ್ಟು ಬೆವರಿ, ಆಮೇಲೆ ಮೈ ತಣ್ಣಗಾಗುವ ಅನುಭವ ಅನೇಕರಿಗೆ ಆಗುತ್ತದೆ. ರಾತ್ರಿ ಆದರೆ ನಿದ್ದೆ ಹಾರುತ್ತದೆ. ನಿದ್ದೆಯಿಲ್ಲದೆ ಬೆಳಿಗ್ಗೆ ಸಿಡುಕು, ಮರೆವು, ಅಳು. 'ಈಚೆಗೆ ಯಾಕೋ ಎಲ್ಲದಕ್ಕೂ ಹರಿಹಾಯುತ್ತಾಳೆ' ಎಂದು ದೂರುವ ಯಜಮಾನರು ಆಕೆ ಹಿಂದಿನ ರಾತ್ರಿ ಎಷ್ಟು ಹೊತ್ತು ಮಲಗಿದ್ದಳೆಂದು ಒಮ್ಮೆ ಕೇಳಲಿ. ಇದು ಹುಚ್ಚೂ ಅಲ್ಲ, ಗಾಳಿಯೂ ಅಲ್ಲ. ಕೆಲವರಿಗೆ ಕೆಲವು ತಿಂಗಳು, ಕೆಲವರಿಗೆ ಹಲವು ವರ್ಷ ಇದ್ದು ತಾನಾಗಿ ಇಳಿಯುತ್ತದೆ.

ಸುಡುಸುಡುವ ಚಹಾ, ಅತಿ ಖಾರ, ಹೊಗೆ ತುಂಬಿದ ಅಡುಗೆಮನೆ, ನೈಲಾನ್ ಸೀರೆ ಇವು ಝಳವನ್ನು ಎಬ್ಬಿಸುತ್ತವೆ. ಒಲೆಯ ಮುಂದಿನ ಕೆಲಸವನ್ನು ಬೆಳಗಿನ ತಂಪಿನಲ್ಲೇ ಮುಗಿಸಿ. ನೂಲಿನ ಸೀರೆ ಉಡಿ, ಮಲಗುವಾಗ ಕೈಕಾಲು ತಣ್ಣೀರಲ್ಲಿ ತೊಳೆಯಿರಿ, ಹತ್ತಿರ ಒಂದು ತಂಬಿಗೆ ನೀರಿರಲಿ. ದಿನವೂ ಸಹಿಸಲಾರದಷ್ಟು ಆಗುತ್ತಿದ್ದರೆ ವೈದ್ಯರಲ್ಲಿ ಔಷಧಿ ಇದೆ. ಆದರೆ ಹಾರ್ಮೋನ್ ಮಾತ್ರೆಗಳನ್ನು ಔಷಧಿ ಅಂಗಡಿಯಿಂದ ನೇರವಾಗಿ ತಂದು ನುಂಗಬೇಡಿ. ಸ್ತನ ಕ್ಯಾನ್ಸರ್ ಆದವರಿಗೆ, ರಕ್ತ ಹೆಪ್ಪುಗಟ್ಟುವ ತೊಂದರೆ ಇದ್ದವರಿಗೆ ಅವು ಅಪಾಯ.

ಸೋಯಾ ಅವರೆಯಲ್ಲಿ ಈಸ್ಟ್ರೊಜೆನ್ ಅನ್ನು ಹೋಲುವ ಅಂಶವಿದೆ. ಅದು ಝಳವನ್ನು ಕೆಲವರಲ್ಲಿ ಸ್ವಲ್ಪ ತಗ್ಗಿಸುತ್ತದೆ, ಮಾಯಾಮದ್ದೇನೂ ಅಲ್ಲ. ಬೀದರ್, ಬೆಳಗಾವಿ, ಧಾರವಾಡದ ರೈತರು ಎಕರೆಗಟ್ಟಲೆ ಬೆಳೆದು ಒಂದು ಸೇರನ್ನೂ ಮನೆಗಿಡದೆ ಮಾರುಕಟ್ಟೆಗೆ ಹಾಕುತ್ತಾರೆ. ಝಳದ ಮಾತು ಬಿಟ್ಟರೂ ಅದರಲ್ಲಿ ಬೇರೆ ಬೇಳೆಗಳಿಗಿಂತ ಹೆಚ್ಚು ಸಸಾರಜನಕವಿದೆ. ಹಸಿಯಾಗಿ ಬೀಸಬಾರದು, ಜೀರ್ಣಕ್ಕೆ ಅಡ್ಡಿ. ಕುದಿಯುವ ನೀರಿನಲ್ಲಿ ಇಪ್ಪತ್ತು ಇಪ್ಪತ್ತೈದು ನಿಮಿಷ ಬೇಯಿಸಿ, ಬಿಸಿಲಲ್ಲಿ ಗರಿಗರಿಯಾಗಿ ಒಣಗಿಸಿ, ಒಂಬತ್ತು ಪಾಲು ಗೋಧಿಗೆ ಅಥವಾ ಜೋಳಕ್ಕೆ ಒಂದು ಪಾಲು ಸೇರಿಸಿ ಗಿರಣಿಗೆ ಕೊಡಿ. ರೊಟ್ಟಿಯ ರುಚಿ ಹೆಚ್ಚು ಬದಲಾಗುವುದಿಲ್ಲ. ಥೈರಾಯ್ಡ್ ಮಾತ್ರೆ ನುಂಗುವವರು ಮಾತ್ರೆಗೂ ಇದಕ್ಕೂ ಕೆಲವು ಗಂಟೆ ಅಂತರ ಇಡಲಿ; ಸ್ತನದ ಕಾಯಿಲೆ ಆದವರು ವೈದ್ಯರನ್ನು ಕೇಳಲಿ. ಅಗಸೆ ಝಳವನ್ನು ನಿಲ್ಲಿಸುತ್ತದೆಂಬ ಪ್ರಚಾರಕ್ಕೆ ಗಟ್ಟಿ ಆಧಾರವಿಲ್ಲ. ಆದರೆ ಅಗಸೆ ಹಿಂಡಿಯಿಂದ ಮಲಬದ್ಧತೆ ತಗ್ಗುತ್ತದೆ, ಹೃದಯಕ್ಕೆ ಹಿತ.

ಹೇಳಿಕೊಳ್ಳಲು ನಾಚುವ ತೊಂದರೆ

ಕೆಮ್ಮಿದರೆ, ಸೀನಿದರೆ, ಹುಲ್ಲಿನ ಹೊರೆ ಎತ್ತಿದರೆ ಎರಡು ಹನಿ ಮೂತ್ರ ಜಾರುವುದು. ಕೆಳಗೆ ಏನೋ ಇಳಿದುಬಂದ ಹಾಗೆ ಭಾರವೆನಿಸುವುದು. ಇದನ್ನು ಹೆಂಗಸರು ಹೆಂಗಸರಿಗೂ ಹೇಳುವುದಿಲ್ಲ. ಹೆರಿಗೆಯಾದ ಕೆಲವೇ ದಿನಕ್ಕೆ ಹೊರೆ ಹೊತ್ತವರಲ್ಲಿ, ಮುಟ್ಟು ನಿಂತು ಮಾಂಸಖಂಡಗಳು ಸಡಿಲವಾದ ಮೇಲೆ ಇದು ಹೆಚ್ಚು. ಇದಕ್ಕೊಂದು ಸುಲಭ ವ್ಯಾಯಾಮವಿದೆ. ಮೂತ್ರವನ್ನು ತಡೆಹಿಡಿಯುವಾಗ ಬಿಗಿಯುವ ಸ್ನಾಯುಗಳನ್ನು ಸುಮ್ಮನೆ ಕುಳಿತಿರುವಾಗ ಬಿಗಿದು, ಐದು ಎಣಿಸಿ ಬಿಡಿ. ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಅವರೆ ಸುಲಿಯುತ್ತಲೂ ಮಾಡಬಹುದು, ಪಕ್ಕದವರಿಗೆ ತಿಳಿಯುವುದೂ ಇಲ್ಲ. ಫಲ ಕಾಣಲು ಎರಡು ಮೂರು ತಿಂಗಳು ಬೇಕು. ಇಪ್ಪತ್ತೈದು ಕೆ.ಜಿ. ಹುಲ್ಲನ್ನು ಒಂದೇ ಹೊರೆ ಮಾಡದೆ ಎರಡು ಮಾಡಿ. ಸೈಕಲ್ಲೋ ಮೋಟಾರ್ ಬೈಕೋ ಮನೆಯಲ್ಲಿದ್ದರೆ ಹೊರೆಯನ್ನು ಅದರ ಮೇಲೆ ಗಂಡಸರು ತರಲಿ.

ಹೊಲದಲ್ಲಿ ಮರೆಯಿಲ್ಲವೆಂದು ಬೆಳಗಿನಿಂದ ಸಂಜೆಯವರೆಗೆ ನೀರೇ ಕುಡಿಯದ ತಾಯಂದಿರಿದ್ದಾರೆ. ಈ ವಯಸ್ಸಿನಲ್ಲಿ ಉರಿಮೂತ್ರ ಪದೇಪದೇ ಬರುವುದಕ್ಕೆ ಇದೂ ಒಂದು ಕಾರಣ. ಪಂಪ್‌ಸೆಟ್ ಮನೆ ಕಟ್ಟುವಾಗ ಪಕ್ಕದಲ್ಲಿ ನಾಲ್ಕು ತೆಂಗಿನ ಗರಿಯ ತಟ್ಟಿ ಕಟ್ಟಿಸುವುದು ಎಷ್ಟು ಖರ್ಚಿನ ಮಾತು?

ರಕ್ತಸ್ರಾವ: ಇಲ್ಲಿ ತಡ ಮಾಡಬೇಡಿ, ಆತುರವನ್ನೂ ಪಡಬೇಡಿ

ಮುಟ್ಟು ನಿಂತು ಒಂದು ವರ್ಷ ಕಳೆದ ಮೇಲೆ ಮತ್ತೆ ರಕ್ತ ಕಂಡರೆ, ಒಂದೇ ಹನಿಯಾದರೂ, 'ಮತ್ತೆ ಮುಟ್ಟು ಬಂತು' ಎಂದು ಸುಮ್ಮನಿರಬೇಡಿ. ಅದು ಮುಟ್ಟಲ್ಲ. ಬಹಳ ಸಲ ಸಣ್ಣ ಕಾರಣವೇ ಇರುತ್ತದೆ, ಆದರೆ ಗರ್ಭಕೋಶದ ಕ್ಯಾನ್ಸರಿನ ಮೊದಲ ಸೂಚನೆಯೂ ಇದೇ. ಸುಗ್ಗಿ ಮುಗಿಯಲಿ, ಹಬ್ಬ ಕಳೆಯಲಿ ಎನ್ನದೆ ಆ ವಾರವೇ ತೋರಿಸಿ. ಆಗಲೇ ಗೊತ್ತಾದರೆ ಗುಣವಾಗುವ ಕಾಯಿಲೆ ಅದು. ಗರ್ಭಕೋಶದ ಬಾಯಿ, ಸ್ತನ, ಬಾಯಿ ಈ ಮೂರರ ಕ್ಯಾನ್ಸರ್ ತಪಾಸಣೆಯನ್ನು ಮೂವತ್ತು ದಾಟಿದವರಿಗೆ ಮಾಡುವ ಸರ್ಕಾರಿ ಕಾರ್ಯಕ್ರಮವಿದೆ. ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿದರೆ ದಿನ, ಜಾಗ ಹೇಳುತ್ತಾರೆ.

ಇನ್ನೊಂದು ಬದಿಯ ಅಪಾಯವೂ ಇದೆ. ನಿಲ್ಲುವ ಮುನ್ನಿನ ವರ್ಷಗಳಲ್ಲಿ ಮುಟ್ಟು ಹೆಚ್ಚು ಹೋಯಿತೆಂದೋ, ಬಿಳಿಸೆರಗು, ಸೊಂಟನೋವು ಎಂದೋ ಹೋದ ಹೆಂಗಸಿಗೆ 'ಕ್ಯಾನ್ಸರ್ ಆದೀತು, ಗರ್ಭಕೋಶ ತೆಗೆಸಿಬಿಡಿ' ಎಂದು ಹೆದರಿಸುವವರಿದ್ದಾರೆ. ಮೂವತ್ತು ಮೂವತ್ತೈದರ ಪ್ರಾಯದ, ಓದು ಬಾರದ, ಬಡ ಹೆಂಗಸರ ಗರ್ಭಕೋಶಗಳನ್ನು ಅಗತ್ಯವಿಲ್ಲದೆ ತೆಗೆದ ಸಂಗತಿ ಕಲಬುರಗಿ ಜಿಲ್ಲೆಯ ತಾಂಡಾಗಳಿಂದ 2015ರಲ್ಲಿ ಬಯಲಿಗೆ ಬಂದದ್ದು ನಿಮಗೆ ನೆನಪಿರಬಹುದು. ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆಯನ್ನು ತಡೆಯುವ ಕೇಂದ್ರದ ಮಾರ್ಗಸೂಚಿಯನ್ನು ಮೂರು ತಿಂಗಳೊಳಗೆ ಜಾರಿಗೆ ತರುವಂತೆ 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಎಲ್ಲ ರಾಜ್ಯಗಳಿಗೆ ಹೇಳಿತು.

ಗರ್ಭಕೋಶದ ಜೊತೆ ಎರಡೂ ಅಂಡಾಶಯಗಳನ್ನು ತೆಗೆದರೆ, ಮೇಲೆ ಹೇಳಿದ ಮೂಳೆ ಸವೆತ, ಝಳ ಎಲ್ಲವೂ ನಲವತ್ತೇಳಕ್ಕೆ ಬರುವ ಬದಲು ಮೂವತ್ತೈದಕ್ಕೇ, ಒಂದೇ ವಾರದಲ್ಲಿ ಶುರುವಾಗುತ್ತದೆ. ಹನ್ನೆರಡು ವರ್ಷ ಮುಂಚೆಯೇ ಬದು ಒಡೆದಂತೆ. ಅಂಡಾಶಯ ಉಳಿಸಿದರೂ ಮುಟ್ಟು ನಿಲ್ಲುವ ಸ್ಥಿತಿ ಸ್ವಲ್ಪ ಬೇಗ ಬರಬಹುದು.

ಶಸ್ತ್ರಚಿಕಿತ್ಸೆಯೇ ಬೇಡವೆಂದು ನಾನು ಹೇಳುತ್ತಿಲ್ಲ. ಕ್ಯಾನ್ಸರ್ ಇದ್ದರೆ, ಯಾವ ಔಷಧಿಗೂ ಬಗ್ಗದ ರಕ್ತಸ್ರಾವವಿದ್ದರೆ, ಗರ್ಭಕೋಶ ಪೂರ್ತಿ ಜಾರಿದ್ದರೆ ಅದು ಜೀವ ಉಳಿಸುತ್ತದೆ, ನೆಮ್ಮದಿ ಕೊಡುತ್ತದೆ. ಆದರೆ ಬಿಳಿಸೆರಗು ಬಹುಮಟ್ಟಿಗೆ ಸೋಂಕಿನಿಂದ ಬರುವುದು, ಮಾತ್ರೆಯಿಂದ ಹೋಗುತ್ತದೆ. ಗರ್ಭಕೋಶದ ಸಾಮಾನ್ಯ ಗಡ್ಡೆಗಳು ಕ್ಯಾನ್ಸರ್ ಆಗುವುದು ತೀರ ಅಪರೂಪ. ಮುಟ್ಟು ನಿಂತ ಮೇಲೆ ಅವು ತಾವಾಗಿ ಕುಗ್ಗುತ್ತವೆ. ಹೆಚ್ಚು ರಕ್ತ ಹೋಗುವುದಕ್ಕೂ ಮಾತ್ರೆಗಳಿವೆ. ಗರ್ಭಕೋಶದೊಳಗೆ ಇಡುವ, ಹಾರ್ಮೋನ್ ಸೂಸುವ ವಂಕಿಯೂ ಇದೆ. ರಕ್ತ ಹೆಚ್ಚು ಹೋದವರಿಗೆ ರಕ್ತಹೀನತೆ ಆಗಿರುತ್ತದೆ. ಕಬ್ಬಿಣಾಂಶದ ಮಾತ್ರೆಯ ಜೊತೆಗೆ ಸೊಪ್ಪು ಕಾಳಿನ ಊಟ ಮಾಡಿ, ಮೇಲೆ ನಿಂಬೆಹಣ್ಣು ಹಿಂಡಿಕೊಳ್ಳಿ. ಊಟದ ಬೆನ್ನಿಗೇ ಚಹಾ ಬೇಡ.

ಆಸ್ಪತ್ರೆಗೆ ಹೋಗುವಾಗ ಗೋಡೆಯ ಕ್ಯಾಲೆಂಡರನ್ನೇ ಸುತ್ತಿ ತೆಗೆದುಕೊಂಡು ಹೋಗಿ. ಹಸುವಿಗೆ ಇನಾಕ್ಯುಲೇಷನ್ ಮಾಡಿಸಿದ ದಿನವನ್ನು ಅದರ ಮೇಲೆ ಬರೆದಿಡುತ್ತೀರಲ್ಲ, ಹಾಗೆಯೇ ಮುಟ್ಟಾದ ದಿನ, ನಿಂತ ದಿನ, ಎಷ್ಟು ಬಟ್ಟೆ ಬದಲಿಸಬೇಕಾಯಿತೆಂಬುದನ್ನು ಆರು ತಿಂಗಳಿಂದ ಗುರುತು ಹಾಕಿಟ್ಟಿದ್ದರೆ ವೈದ್ಯರ ಅರ್ಧ ಕೆಲಸ ಮುಗಿದಂತೆ. ಗರ್ಭಕೋಶ ತೆಗೆಯಬೇಕೆಂದರೆ ನಾಲ್ಕು ಪ್ರಶ್ನೆ ಕೇಳಿ: ಕಾಯಿಲೆಯ ಹೆಸರೇನು? ಔಷಧಿಯಿಂದ ಮೊದಲು ಪ್ರಯತ್ನಿಸಬಹುದೇ? ಅಂಡಾಶಯ ಉಳಿಯುತ್ತದೆಯೇ? ಎರಡು ತಿಂಗಳು ಕಾದರೆ ಏನಾಗುತ್ತದೆ? ಉತ್ತರವನ್ನು ಚೀಟಿಯ ಮೇಲೆ ಬರೆಸಿಕೊಂಡು, ಜಿಲ್ಲಾ ಆಸ್ಪತ್ರೆಯಲ್ಲೋ ಸರ್ಕಾರಿ ವೈದ್ಯಕೀಯ ಕಾಲೇಜಿನಲ್ಲೋ ಇನ್ನೊಬ್ಬ ವೈದ್ಯರಿಗೆ ತೋರಿಸಿ. ಸ್ಕ್ಯಾನಿಂಗ್ ಚಿತ್ರ, ರಕ್ತಪರೀಕ್ಷೆಯ ಕಾಗದಗಳನ್ನು ಆಸ್ಪತ್ರೆಯಲ್ಲೇ ಬಿಟ್ಟು ಬರಬೇಡಿ. ಪಹಣಿ ಪತ್ರ ಇಡುವ ಪೆಟ್ಟಿಗೆಯಲ್ಲೇ ಅವನ್ನೂ ಇಡಿ.